ಝುಬೇದಿಗೆ ಕರೆ

ಮತ್ರಾದ ಮೀನು ಮಾರ್ಕೆಟ್ಟಿನಲ್ಲಿ
ಹದಿನೇಳನೇ ಮೇಜು ನನ್ನದು.
ಬೆಳಿಗ್ಗೆ ಐದೂವರೆಗೆ ಕತ್ತಿ ಹಿಡಿದರೆ
ಹನ್ನೊಂದರವರೆಗೆ ಕೈ ನನ್ನದಲ್ಲ,
ಮೀನಿನದು.
ಕಿಸೆಯಲ್ಲಿ ಫೋನು ಗುಂಯ್‌ಗುಟ್ಟುತ್ತದೆ
ತೊಡೆಗೆ ತಾಗಿ, ಇನ್ನೂ ಸಾಯದ ಏಡಿಯ ಹಾಗೆ.
ಎತ್ತಿದರೆ ಗಾಜಿಗೆ ಹುರುಪೆ, ನೆತ್ತರು, ಲೋಳೆ;
ನನ್ನ ಹೆಬ್ಬೆಟ್ಟಿನ ಗುರುತು ಅದಕ್ಕೇ ಮರೆತುಹೋಗಿದೆ.

ರೂವಿಯ ಅಂಗಡಿಗೆ ಆರು ರಿಯಾಲ್ ಕೊಟ್ಟು ತಂದೆ
ವಯರಿಲ್ಲದ ಹೆಡ್‌ಸೆಟ್ಟು:
ಒಂದೇ ಕಿವಿಯದು, ಸಿಗಡಿಯಷ್ಟುದ್ದ,
ಸಿಗಡಿಯಂತೇ ಬಾಗಿದ್ದು.

ರೂಮಿನಲ್ಲಿ ಮಯ್ಯದ್ದಿ ಕುಳಿತ, ಉಳ್ಳಾಲದವನು,
ಎಸಿ ರಿಪೇರಿ ಮಾಡುವುದರಿಂದ
ಎಲ್ಲ ಮೆಶೀನೂ ತನಗೆ ಗೊತ್ತೆಂದು ನಂಬಿದವನು.
ಗುಂಡಿ ಒತ್ತಿಯೇ ಹಿಡಿ ಅಂದ. ಹಿಡಿದೆ.
ನೀಲಿ, ಕೆಂಪು, ನೀಲಿ, ಕೆಂಪು,
ದೂರದ ಬೋಟಿನ ದೀಪದಂತೆ ಮಿಣುಕಿ
ಫೋನಿನ ಪಟ್ಟಿಯಲ್ಲಿ ಮೊದಲು ಕಂಡದ್ದು ಪಕ್ಕದ ರೂಮಿನ ಟೀವಿ,
ಆಮೇಲೆ ಯಾರದೋ ಕಾರು,
ಕೊನೆಗೆ ನನ್ನದು.
ಮೈಕಿಗೆ ಅನುಮತಿ? ಕೊಡು.
ಕಾಂಟ್ಯಾಕ್ಟಿಗೆ? ಕೊಡು.
ಬೀಗ ಹಾಕಿದ್ದಾಗಲೂ ಕಿವಿಗೊಡಲೇ? ಕೊಡಲಿ ಬಿಡು,
ಈ ರೂಮಿನಲ್ಲಿ ಆರು ಜನರ ಗೊರಕೆ ಬಿಟ್ಟರೆ ಗುಟ್ಟೇನಿದೆ.

ಕಿವಿಯೊಳಗೊಂದು ಹೆಂಗಸಿನ ದನಿ, ಅರಬ್ಬಿಯಲ್ಲಿ.
ಯಾವ ಭಾಷೆ ಅಂತ ಕೇಳ್ತಿದೆ, ಅಂದ ಮಯ್ಯದ್ದಿ.
ಕನ್ನಡ, ಅಂದೆ.
ಒಂದು ಉಸಿರಿನಷ್ಟು ಯೋಚಿಸಿ
ಪರದೆಯ ತುಂಬ ತೋರಿಸಿತು
ಅಂಜಲ್ ಮೀನಿನ ಚಿತ್ರ.
ಇಲ್ಲಿಯವರು ಅಂಜಲಿಗೆ ಕನಅದ್ ಅನ್ನುತ್ತಾರೆ.
ಹತ್ತು ವರ್ಷದಿಂದ ಕಡಿಯುತ್ತಿದ್ದೇನೆ, ಆದರೂ
ನನ್ನ ಮಾತಿಗೂ ಅದಕ್ಕೂ ಇಷ್ಟು ಹತ್ತಿರದ ನಂಟೆಂದು
ಹೊಳೆದಿರಲಿಲ್ಲ.
ಮಯ್ಯದ್ದಿ ಮಂಚದಿಂದ ಬೀಳುವಷ್ಟು ನಕ್ಕ.

ಸೆಟ್ಟಿಂಗ್ ಹುಡುಕಿ ಕನ್ನಡವನ್ನೇ ಹಾಕಿದ.
ಬಂತು. ವಾರ್ತೆ ಓದುವ ಕನ್ನಡ.
"ಜಲ್ಜಂಗೊಂದ್ ಫೋನ್ ಮಾಡ್" ಅಂದರೆ
"ಕ್ಷಮಿಸಿ, ಅರ್ಥವಾಗಲಿಲ್ಲ."
ನಾಲ್ಕು ಸಲ ಕ್ಷಮಿಸಿದೆ. ಐದನೆಯದಕ್ಕೆ
ಗಂಗೊಳ್ಳಿ ಬಂದರದ ಬಾಯಲ್ಲಿ ಬರುವ ಮಾತೇ ಬಂತು.
ಅದು ಮಾತ್ರ ತಿಳಿಯಿತೋ ಏನೋ,
ಸುಮ್ಮನಾಯಿತು.

ಅರಬ್ಬಿಯೇ ಇರಲಿ ಬಿಡು ಮಯ್ಯದ್ದಿ,
ನನಗೆ ಬರುವ ಅರಬ್ಬಿಯೆಲ್ಲ ಮೀನು,
ಅದಕ್ಕೂ ಮೀನು ಗೊತ್ತು.
ರಾತ್ರಿ ಕುಳಿತು ಹೆಸರು ಬದಲಿಸಿದೆವು.
ಅರಬಾಬ ಹಮೂರ್, ಬಾಯಿ ದೊಡ್ಡದು.
ದುಡ್ಡು ಕಳಿಸುವ ಎಕ್ಸ್‌ಚೇಂಜಿನವನು ಜೈದರ್.
ಮಯ್ಯದ್ದಿ ಊಮಾ, ಅಂದರೆ ಬೈಗೆ;
ಮುನಿಸಿಕೊಂಡ, ಆಮೇಲೆ ಸರಿಹೋದ.
ಜಲಜ ಝುಬೇದಿ. ಮಾಂಜಿ.
ಹೊಳಪು ಹೆಚ್ಚು, ಮುಳ್ಳು ಕಡಿಮೆ,
ಇಲ್ಲವೆಂದಲ್ಲ.

ಬೆಳಿಗ್ಗೆ, ಕೈಯಲ್ಲಿ ಅರ್ಧ ಸೀಳಿದ ಮೀನು,
ಇತ್ತಸಿಲ್ ಬಿ ಝುಬೇದಿ, ಅಂದೆ.
ಎದುರಿನ ಮುದುಕ ಖಲ್ಫಾನ್ ತಲೆಯೆತ್ತಿ
ಝುಬೇದಿ ಇವತ್ತು ಬಂದೇ ಇಲ್ಲವಲ್ಲ, ಅಂದ.
ಚೀಲ ಹಿಡಿದ ಇಬ್ಬರು ಹೆಂಗಸರು
ನನ್ನ ಮೇಜಿನ ಕಡೆ ತಿರುಗಿದರು.
ಕಿವಿಯಲ್ಲಿ ರಿಂಗು.
ಕತ್ತಿ ನಿಲ್ಲದೆ ಬೆನ್ನಮೂಳೆ ಬಿಡಿಸುತ್ತ ಹೋಯಿತು.

"ಎಂತ ಈ ಹೊತ್ತಲ್ಲಿ, ಕೆಲ್ಸ ಇಲ್ಯಾ?"
ಕೈಯಿಲ್ಲದೆ ಮಾತಾಡುತ್ತಿದ್ದೇನೆ, ಅಂದೆ. ಹೆದರಿದಳು.
ಕೈಯಿದೆ, ಹತ್ತು ಬೆರಳೂ ಇದೆ ಎಂದು
ಎಲ್ಲ ಹೇಳಿದೆ, ಹೆಸರಿನ ಸಂಗತಿಯನ್ನೂ.
ಆಚೆ ನಲ್ಲಿ ನೀರಿನ ಸದ್ದು,
ಬಕೆಟ್ಟು ತುಂಬಿ ಹರಿಯುವವರೆಗೂ.
"ಹಂಗಾರೆ ನನ್ ರೇಟ್ ಎಷ್ಟ್, ಕಿಲೋಕ್ಕೆ?"
ಖಲ್ಫಾನನ ಹಲಗೆ ನೋಡಿದೆ.
ಝುಬೇದಿಯ ಎದುರು ಏನೂ ಬರೆದಿಲ್ಲ.
ಇವತ್ತು ಮಾರ್ಕೆಟ್ಟಲ್ಲೇ ಇಲ್ಲ ಮಾರಾಯ್ತಿ, ಅಂದೆ.
"ಹಂಗ್ ಹೇಳ್" ಎಂದು ನಲ್ಲಿ ನಿಲ್ಲಿಸಿದಳು.

ಮೇಜು ಕುಟ್ಟಿ ಗಿರಾಕಿ ಹೆಂಗಸು
ತಲೆ ಬೇಡ, ಬಾಲ ಇರಲಿ ಅನ್ನುತ್ತಿದ್ದಳು.
ಇಬ್ಬರಿಗೂ ಒಟ್ಟಿಗೇ
ಆಯ್ತು, ಅಂದೆ.